ಅಣ್ಣನ ಮೂಗು

ನನ್ನ ಅಣ್ಣ ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಹೊಸ ಅಂಗಿ ತಂದುಕೊಟ್ಟರೆ ಬಣ್ಣ ನೋಡುವ ಮೊದಲೇ ಮೂಗಿಗೆ ಹಿಡಿಯುತ್ತಿದ್ದ. ಕಾಗದ ಬಂದರೆ ಒಡೆಯುವ ಮುಂಚೆ ಮೂಸುತ್ತಿದ್ದ. ಹೆಣ್ಣು ನೋಡಲು ಹೋದಾಗಲೂ ಅಷ್ಟೆ. ಅವರು ಕೊಟ್ಟ ಉಪ್ಪಿಟ್ಟಿನ ತಟ್ಟೆಯನ್ನು ಮೂಗಿನ ಹತ್ತಿರ ಎತ್ತಿ, "ರವೆ ಈಗ್ಲೇ ಹುರಿದವ್ರೆ, ಆದ್ರೆ ತುಪ್ಪ ಹಳೇದು" ಎಂದುಬಿಟ್ಟಿದ್ದ. ಹೆಣ್ಣಿನ ಅಪ್ಪ ಬೆವತುಹೋದರು. ಬಾಗಿಲ ಹಿಂದಿದ್ದ ಹುಡುಗಿ ಮಾತ್ರ ಕಿಸಕ್ಕನೆ ನಕ್ಕಳು. ಆ ನಗು ಕೇಳಿಯೇ ಒಪ್ಪಿಕೊಂಡೆ ಎಂದು ಅಣ್ಣ ಹೇಳುತ್ತಿದ್ದ. ಆ ತುಪ್ಪ ತಮ್ಮ ಮನೆಯದಲ್ಲ, ಪಕ್ಕದ ಮನೆಯಿಂದ ತಂದದ್ದು ಎಂದು ಅತ್ತಿಗೆ ಇವತ್ತಿಗೂ ವಾದ ಮಾಡುತ್ತಾರೆ.

ನಮ್ಮೂರು ಮಧುಗಿರಿ. ಅಪ್ಪ ಬಸ್ ನಿಲ್ದಾಣದ ಹಿಂದೆ ಇಸ್ತ್ರಿ ಅಂಗಡಿ ಇಟ್ಟಿದ್ದರು. ಬೇರೆ ಅಂಗಡಿಗಳಲ್ಲಿ ಯಾರ ಬಟ್ಟೆ ಯಾವುದು ಎಂದು ತಿಳಿಯಲು ಬಣ್ಣದ ದಾರ ಕಟ್ಟುತ್ತಿದ್ದರು. ನಮ್ಮಲ್ಲಿ ದಾರದ ಖರ್ಚಿರಲಿಲ್ಲ, ಅಣ್ಣನಿದ್ದ. ಗಂಟು ಬಿಚ್ಚಿ ಒಂದೊಂದೇ ಅಂಗಿಯನ್ನು ಮೂಸಿ ಪಕ್ಕಕ್ಕಿಡುತ್ತಿದ್ದ. ಇದು ಹೈಸ್ಕೂಲು ಮೇಷ್ಟ್ರದು, ನಶ್ಯದ ಘಾಟು. ಇದು ಕಾಂಪೌಂಡರದು, ಟಿಂಚರು. ಇದು ಕಂಡಕ್ಟರದು, ಚಿಲ್ಲರೆ ಕಾಸಿನ ವಾಸನೆ. ಒಮ್ಮೆ ಒಬ್ಬರು ಅಂಗಿ ಬದಲಾಗಿದೆ ಎಂದು ಜಗಳಕ್ಕೆ ಬಂದಾಗ ಅಣ್ಣ ಅದನ್ನು ಮೂಸಿ, "ಇದು ನಿಮ್ದೇ ಸ್ವಾಮಿ. ಆದ್ರೆ ನಿನ್ನೆ ನೀವು ಅರಳೆಣ್ಣೆ ತಿಕ್ಕೊಂಡು ಮಲಗಿದ್ರಿ, ಅದ್ಕೆ ಗುರುತು ಸಿಗ್ತಿಲ್ಲ" ಎಂದ. ಅವರು ಅಂಗಿ ತೆಗೆದುಕೊಂಡು ಹೋದರು. ಅಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅಂಥ ದಿನಗಳಲ್ಲೇ.

ಅಣ್ಣ ಹತ್ತನೇ ತರಗತಿ ಪಾಸು ಮಾಡಿ ಬೆಂಗಳೂರಿನ ಹತ್ತಿರ ಔಷಧದ ಕಾರ್ಖಾನೆಯೊಂದಕ್ಕೆ ಹೆಲ್ಪರ್ ಆಗಿ ಸೇರಿದ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ಅಪ್ಪನ ಜೊತೆ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬುತ್ತಿದ್ದೆ. ಕಾರ್ಖಾನೆಯವರು ವಿಶಾಖಪಟ್ಟಣದ ಪರವಾಡದಲ್ಲಿ ಹೊಸ ಘಟಕ ಶುರು ಮಾಡಿದಾಗ ಕೆಲಸ ಗೊತ್ತಿದ್ದ ಕೆಲವರನ್ನು ಜೊತೆಗೆ ಕರೆದುಕೊಂಡು ಹೋದರು. ಅವರಲ್ಲಿ ಅಣ್ಣನೂ ಒಬ್ಬ. ಎರಡು ವರ್ಷ ಕಳೆದ ಮೇಲೆ ಅಪ್ಪ ತೀರಿಕೊಂಡರು. ಅಣ್ಣ ಊರಿಗೆ ಬಂದು ಕರ್ಮ ಮುಗಿಸಿ, ಅಂಗಡಿಯ ಬಾಗಿಲು ಹಾಕಿ, ಬೀಗದ ಕೈಯನ್ನು ಒಮ್ಮೆ ಮೂಸಿ ಜೇಬಿಗಿಟ್ಟುಕೊಂಡ. "ನಡೀಲಾ, ನಿಂಗೂ ಅಲ್ಲೇ ಕೆಲ್ಸ ನೋಡಿವ್ನಿ" ಎಂದ. ನನಗೆ ಬೇಕೋ ಬೇಡವೋ ಎಂದು ಕೇಳಲಿಲ್ಲ. ಅವನ ಸ್ವಭಾವವೇ ಹಾಗೆ. ನನಗೆ ಏನಾದರೂ ಕೊಡಬೇಕಾದರೆ ಕೇಳುತ್ತಿರಲಿಲ್ಲ, ನನ್ನಿಂದ ಏನಾದರೂ ಬೇಕಾದರೂ ಕೇಳುತ್ತಿರಲಿಲ್ಲ.

ಅಣ್ಣ, ಅತ್ತಿಗೆ, ನಾನು, ಮುಂದೆ ನನ್ನ ಹೆಂಡತಿ, ಎಲ್ಲರೂ ಹತ್ತಿರದ ಗಾಜುವಾಕದಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಬೆಳಗಿನ ಪಾಳಿಗೆ ಕಂಪನಿ ಬಸ್ಸು ಐದು ಗಂಟೆಗೇ ಬರುತ್ತಿತ್ತು. ಅಣ್ಣ ಹತ್ತಿದ ಕೂಡಲೇ ಬಸ್ಸಿನಲ್ಲಿ ನಗು ಏಳುತ್ತಿತ್ತು. ಒಬ್ಬೊಬ್ಬರ ಪಕ್ಕದಲ್ಲೂ ಒಂದು ಕ್ಷಣ ನಿಂತು, "ನಿಮ್ಮನೇಲಿ ರಾತ್ರಿ ಒಣಮೀನು", "ನೀನು ಸ್ನಾನ ಮಾಡಿಲ್ಲ, ತಲೆಗೆ ಬರೀ ನೀರು ಚಿಮುಕಿಸ್ಕೊಂಡಿದ್ದೀಯ", "ಏನಯ್ಯಾ, ಹೆಂಡ್ತಿ ತೌರಿಗೆ ಹೋದ್ಳಾ, ಅನ್ನ ಸೀದಿರೋ ವಾಸ್ನೆ" ಎಂದು ಹೇಳುತ್ತಾ ಹಿಂದಿನ ಸೀಟಿಗೆ ಹೋಗುತ್ತಿದ್ದ. ಅವನ ತೆಲುಗಿನಲ್ಲಿ ಮಧುಗಿರಿಯ ಎಳೆತವಿತ್ತು, ಅದಕ್ಕೂ ನಗುತ್ತಿದ್ದರು. ತೆಲುಗಿನಲ್ಲಿ ಮೂಗಿಗೆ ಮುಕ್ಕು ಅನ್ನುತ್ತಾರೆ. ಹಿರಿಯರ ಹೆಸರಿನ ಮುಂದೆ ಗೌರವಕ್ಕೆ ಗಾರು ಎಂದು ಸೇರಿಸುತ್ತಾರೆ. ಅಣ್ಣನಿಗೆ ಎರಡನ್ನೂ ಸೇರಿಸಿ ಮುಕ್ಕುಗಾರು ಎಂದು ಹೆಸರಿಟ್ಟಿದ್ದರು. ಕೆಲವರಿಗೆ ಅವನ ನಿಜವಾದ ಹೆಸರೇ ಗೊತ್ತಿರಲಿಲ್ಲ. ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ.

ಈ ಹೆಸರು ಬರೀ ತಮಾಷೆಗೆ ಬಂದದ್ದಲ್ಲ. ಔಷಧದ ಪುಡಿ ತಯಾರಾಗುವಾಗ ಕೊನೆಯಲ್ಲಿ ಸಾಲ್ವೆಂಟ್ ಎಂಬ ದ್ರವದಲ್ಲಿ ತೊಯ್ದಿರುತ್ತದೆ. ಅದನ್ನು ಡ್ರೈಯರ್ ಎಂಬ ದೊಡ್ಡ ಉಕ್ಕಿನ ಪಾತ್ರೆಯಲ್ಲಿ ಹಾಕಿ ಬಿಸಿಯಲ್ಲಿ ಒಣಗಿಸುತ್ತಾರೆ. ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಚಿಟಿಕೆ ಪುಡಿಯನ್ನು ಲ್ಯಾಬಿಗೆ ಕಳಿಸಬೇಕು, ಉತ್ತರ ಬರಲು ಎರಡು ಗಂಟೆ ಬೇಕು. ಒಣಗಿಲ್ಲ ಎಂದು ಉತ್ತರ ಬಂದರೆ ಮತ್ತೆ ಒಣಗಿಸಿ, ಮತ್ತೆ ಕಳಿಸಿ, ಮತ್ತೆ ಎರಡು ಗಂಟೆ ಕಾಯಬೇಕು. ಅಣ್ಣ ಮುಚ್ಚಳ ಸ್ವಲ್ಪ ಸರಿಸಿ, ಮಾಸ್ಕ್ ಕೆಳಗಿಳಿಸಿ, ಒಮ್ಮೆ ಮೂಸಿ ಹೇಳಿಬಿಡುತ್ತಿದ್ದ. "ಇನ್ನೊಂದು ಅರ್ಧ ಗಂಟೆ ಬೇಕು." ಅಥವಾ, "ಆಗೈತೆ, ಕಳ್ಸಿ." ಅವನು ಆಗೈತೆ ಎಂದ ಮೇಲೆ ಕಳಿಸಿದ ಪುಡಿ ಲ್ಯಾಬಿನಿಂದ ವಾಪಸು ಬಂದದ್ದಿಲ್ಲ. ಮಾಸ್ಕ್ ತೆಗೆಯಬಾರದು ಎಂಬುದು ನಿಯಮ. ಆದರೆ ಲಾರಿ ಬಂದು ಗೇಟಿನಲ್ಲಿ ನಿಂತಾಗ ಸೂಪರ್‌ವೈಸರುಗಳ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಮುಕ್ಕುಗಾರನ್ನ ಕರೀರಿ."

ಆ ನಿಯಮಕ್ಕೊಂದು ರಿಜಿಸ್ಟರ್ ಇತ್ತು. ತಿಂಗಳಿಗೊಮ್ಮೆ ಸುರಕ್ಷತೆಯ ತರಬೇತಿ ಎಂದು ಎಲ್ಲರನ್ನೂ ಕೂರಿಸಿ, ಒಂದು ಕೈಗೆ ಚಹಾ, ಇನ್ನೊಂದು ಕೈಗೆ ಪೆನ್ನು ಕೊಡುತ್ತಿದ್ದರು. ಕೆಲಸದ ಜಾಗದಲ್ಲಿ ಮಾಸ್ಕ್ ತೆಗೆಯುವುದಿಲ್ಲ ಎಂದು ಮೇಲೆ ಅಚ್ಚಾಗಿರುತ್ತಿತ್ತು. ನಾವು ಸಾಲಾಗಿ ಸಹಿ ಹಾಕಿ ಚಹಾ ಕುಡಿದು ಹೋಗುತ್ತಿದ್ದೆವು. ತರಬೇತಿ ಕೊಟ್ಟವರೇ ಮಾರನೇ ದಿನ ಅಣ್ಣನನ್ನು ಡ್ರೈಯರಿನ ಹತ್ತಿರ ಕರೆಯುತ್ತಿದ್ದರು.

ಒಂದು ಹಗಲು ಪಾಳಿಯಲ್ಲಿ ಹಾಗೆ ಕರೆದಾಗ, ಮುಚ್ಚಳ ಸರಿಸಿದ ಕೂಡಲೇ ಒಳಗೆ ತುಂಬಿಕೊಂಡಿದ್ದ ಬಿಸಿ ಆವಿ ಅಣ್ಣನ ಮುಖಕ್ಕೆ ಹೊಡೆಯಿತು. ಆವಿ ಹೊರಗೆ ಹೋಗುವ ಕೊಳವೆ ಕಟ್ಟಿಕೊಂಡಿತ್ತು ಎಂದು ಆಮೇಲೆ ಗೊತ್ತಾಯಿತು. ಅವನು ನಿಂತಲ್ಲೇ ಕುಸಿದ. ಪ್ಯಾಕಿಂಗ್ ವಿಭಾಗದಿಂದ ಚೀಲ ತಂದಿದ್ದ ನಾನು ಅಲ್ಲಿಯೇ, ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಟಾರ್ಚ್ ಹಿಡಿದು ನಿಂತಿದ್ದೆ. ಆ ಹೊತ್ತಿನಲ್ಲಿ ಅಲ್ಲಿದ್ದವರು ಮೂವರೇ: ಅಣ್ಣ, ಸೂಪರ್‌ವೈಸರ್, ನಾನು.

ಆಸ್ಪತ್ರೆಯಲ್ಲಿ ಕಣ್ಣಿನ ಉರಿ ಇಳಿಯಿತು, ಕೆಮ್ಮು ನಿಂತಿತು. ಹತ್ತು ದಿನಕ್ಕೆ ಮನೆಗೆ ಬಂದ. ಅತ್ತಿಗೆ ಅವನಿಗೆ ಇಷ್ಟವೆಂದು ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿ ಹುರುಳಿಕಾಳಿನ ಸಾರು ಮಾಡಿದ್ದರು. ಘಮ ಬೀದಿಯವರೆಗೂ ಹೋಗಿತ್ತು. ಅಣ್ಣ ಅಡಿಗೆಮನೆಯ ಬಾಗಿಲಲ್ಲೇ ಕೂತು, "ಏನೇ, ಇವತ್ತು ಒಗ್ಗರಣೆ ಹಾಕಲ್ವಾ?" ಎಂದು ಕೇಳಿದ. ಅತ್ತಿಗೆ ಸೌಟು ಹಿಡಿದುಕೊಂಡೇ ತಿರುಗಿ ನನ್ನನ್ನು ನೋಡಿದರು. ನಾನು ಅಣ್ಣನನ್ನು ನೋಡಿದೆ. ಅವನು ನಮ್ಮಿಬ್ಬರನ್ನೂ ನೋಡಿ, ಎದ್ದು ಒಲೆಯ ಹತ್ತಿರ ಹೋಗಿ, ಬಾಣಲೆಯ ಮೇಲೆ ಬಗ್ಗಿ ನಿಂತ. ಎಷ್ಟೋ ಹೊತ್ತು ಹಾಗೇ ನಿಂತಿದ್ದ.

ಮೂಗಿನ ನರ ಸುಟ್ಟಿದೆ, ವಾಸನೆ ಮರಳುವ ಭರವಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದರು. ವಾಸನೆ ತಿಳಿಯದವನು ಅನಿಲ ಸೋರಿದರೂ ತಿಳಿಯಲಾರ, ಹಾಗಾಗಿ ಡ್ರೈಯರಿನ ಹತ್ತಿರ ಬಿಡುವಂತಿಲ್ಲ ಎಂದು ಕಂಪನಿಯವರು ಹೇಳಿದರು. ಅಣ್ಣ ಕೆಲಸಕ್ಕೆ ಹೋಗುವುದು ನಿಂತಿತು. ಬಸ್ಸಿನಲ್ಲಿ ಯಾರೂ ಮುಕ್ಕುಗಾರು ಎಂಬ ಹೆಸರನ್ನು ಎತ್ತಲಿಲ್ಲ. ನನ್ನನ್ನು, "ನಿಮ್ಮಣ್ಣಗಾರು ಹೇಗಿದ್ದಾರೆ?" ಎಂದು ಕೇಳುತ್ತಿದ್ದರು.

ಆಗಿನಿಂದ ಒಂದು ಹೊಸ ಅಭ್ಯಾಸ ಶುರುವಾಯಿತು. ನಾನು ಪಾಳಿ ಮುಗಿಸಿ ಬಂದ ಕೂಡಲೇ ಅಣ್ಣ ಹಾಲಿನ ಪಾತ್ರೆ ತಂದು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದ. "ನೋಡ್ಲಾ, ಸರಿಯಾಗೈತಾ?" ನಾನು ಮೂಸಿ, "ಸರಿಯಾಗೈತೆ" ಎಂದರೆ ಕುಡಿಯುತ್ತಿದ್ದ. ಒಂದು ದಿನ ನಾನು ಆತುರದಲ್ಲಿ ಮೂಸದೆಯೇ ಸರಿಯಾಗೈತೆ ಎಂದೆ. ಹಾಲು ಹುಳಿಯಾಗಿತ್ತು. ಅಣ್ಣ ಒಂದು ಗುಟುಕು ಕುಡಿದು, ಮುಖ ಕಿವುಚಿ, "ನಾಲಿಗೆ ಇನ್ನೂ ಬದುಕೈತೆ ಕಣ್ಲಾ" ಎಂದು ನಕ್ಕ. ಮಾರನೇ ದಿನವೂ ಪಾತ್ರೆ ನನ್ನ ಮುಂದೆಯೇ ಬಂತು.

ಕಂಪನಿ ಎರಡು ದಾರಿ ತೋರಿಸಿತು. ಇಷ್ಟು ಹಣ ಕೊಡುತ್ತೇವೆ, ರಾಜಿಪತ್ರಕ್ಕೆ ಸಹಿ ಮಾಡಿ ಹೋಗು. ಇಲ್ಲವೇ ಗೇಟಿನಲ್ಲಿ ಕೂತು ಬಂದು ಹೋಗುವವರ ಹೆಸರು ಬರೆದುಕೋ. ಗೇಟಿನ ಮಾತು ಕೇಳಿದ ಕೂಡಲೇ ಅಣ್ಣ ಬೇಡವೆಂದು ತಲೆಯಾಡಿಸಿಬಿಟ್ಟ. ಕೊಡುತ್ತೇವೆ ಎಂದ ಹಣ ಅವನ ಒಂದೂವರೆ ವರ್ಷದ ಸಂಬಳಕ್ಕೂ ಸಾಲುತ್ತಿರಲಿಲ್ಲ. ಮೂರನೆಯ ದಾರಿ ಅತ್ತಿಗೆ ಹೇಳಿದ್ದು: ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡಿಸಲು ಕಾರ್ಮಿಕ ಇಲಾಖೆಯಲ್ಲಿ ಕಮಿಷನರ್ ಇರುತ್ತಾರೆ, ಅಲ್ಲಿ ಅರ್ಜಿ ಹಾಕೋಣ. "ಹಣದ ಮಾತು ಆಮೇಲೆ. ನಿಮ್ಮಣ್ಣ ತಾನೇ ಮಾಸ್ಕ್ ತೆಗ್ದು ಬಗ್ಗಿದ ಅಂತ ಬರ್ದವ್ರಲ್ಲ, ಅದು ಅಳಿಸ್ಬೇಕು" ಎಂದರು.

ಅದು ನಿಜ. ರಾಜಿಪತ್ರದ ಮೊದಲ ಸಾಲಿನಲ್ಲೇ ಹಾಗೆ ಬರೆದಿತ್ತು, ಅಣ್ಣ ಕಷ್ಟಪಟ್ಟು ಓದಿ ಹೇಳಿದ್ದ. ನಿಯಮ ಮೀರಿ, ಯಾರೂ ಹೇಳದೆ, ತಾನಾಗಿಯೇ.

ಅಣ್ಣ ಮತ್ತು ನಾನು ವಿಶಾಖಪಟ್ಟಣದ ಕೋರ್ಟಿನ ಹತ್ತಿರ ಒಬ್ಬರು ಲಾಯರಮ್ಮನನ್ನು ನೋಡಲು ಹೋದೆವು. ನೆರೆಗೂದಲಿನ ಗಟ್ಟಿ ಹೆಂಗಸು. ಎಲ್ಲ ಕೇಳಿ, ಆಸ್ಪತ್ರೆಯ ಕಾಗದಗಳ ಜೆರಾಕ್ಸ್ ಬೇಕು ಎಂದರು. ಅಣ್ಣ ಕೆಳಗಿನ ಅಂಗಡಿಗೆ ಹೋದ. ಆ ಐದು ನಿಮಿಷದಲ್ಲಿ ಅವರು ನನ್ನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ನೋಡು ಬಾಬೂ, ಕೈ ಹೋದರೆ ಇಷ್ಟು, ಕಣ್ಣು ಹೋದರೆ ಇಷ್ಟು ಅಂತ ಕಾನೂನಿನಲ್ಲಿ ಪಟ್ಟಿ ಇದೆ. ವಾಸನೆ ಆ ಪಟ್ಟಿಯಲ್ಲಿಲ್ಲ. ಡಾಕ್ಟರ ಕೈಲಿ ಬರೆಸಬೇಕು, ವಾದ ಮಾಡಬೇಕು, ಎರಡು ವರ್ಷ ಹಿಡಿಯಬಹುದು. ಅದು ನನ್ನ ಕೆಲಸ, ಮಾಡ್ತೀನಿ. ಆದರೆ ಅವರು ಆ ರಿಜಿಸ್ಟರ್ ತಂದಿಡ್ತಾರೆ. ಬೇಕೂಂತಲೇ ನಿಯಮ ಮೀರಿದ ಅಂತಾರೆ. ಸೂಪರ್‌ವೈಸರೇ ಕರೆದು ಮೂಸಿಸಿದ ಅಂತ ಕಣ್ಣಾರೆ ಕಂಡವರು ಒಬ್ಬರು ಬಂದು ಹೇಳಿದರೆ ಸಾಕು, ಆ ರಿಜಿಸ್ಟರ್ ಬರೀ ರದ್ದಿ. ನೀನು ಅಲ್ಲೇ ಇದ್ದೆಯಂತಲ್ಲ?"

"ಇದ್ದೆ ಅಮ್ಮ."

"ಹೇಳ್ತೀಯಾ?"

ಮೆಟ್ಟಿಲ ಮೇಲೆ ಅಣ್ಣನ ಹೆಜ್ಜೆ ಕೇಳಿಸಿತು. ನಾನು, "ಯೋಚನೆ ಮಾಡಿ ಹೇಳ್ತೀನಮ್ಮ" ಎಂದೆ. ಅಣ್ಣ ಬಂದು ಇನ್ನೂ ಬಿಸಿಯಿದ್ದ ಜೆರಾಕ್ಸ್ ಹಾಳೆಗಳನ್ನು ರೂಢಿಯಂತೆ ಮೂಗಿಗೆ ಹಿಡಿದು, ನೆನಪಾಗಿ ನಾಚಿಕೊಂಡು, ಮೇಜಿನ ಮೇಲಿಟ್ಟ.

ಎರಡು ದಿನ ಕಳೆದು ಕಂಪನಿಯ ಎಚ್‌ಆರ್ ಆಫೀಸರು ನನ್ನನ್ನು ಕರೆಸಿದರು. ನಾನು ಆಗ ಕಂಟ್ರಾಕ್ಟ್ ಕೂಲಿ. ಆ ಕೋಣೆಯಲ್ಲಿ ನನಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

"ಕೂತ್ಕೋ ತಮ್ಮುಡೂ. ಚಹಾ ಕುಡಿ. ನಿಮ್ಮಣ್ಣಗಾರು ಅಂದರೆ ನಮಗೂ ಅಣ್ಣನ ಹಾಗೇ. ಹೆಂಡತಿ ಹೇಗಿದ್ದಾಳೆ? ಎಷ್ಟನೇ ತಿಂಗಳು?"

"ಏಳು ಸಾರ್."

"ಒಳ್ಳೇದು. ಪರ್ಮನೆಂಟ್ ಮಾಡೋರ ಪಟ್ಟಿ ಬರ್ತಾ ಇದೆ. ನಿನ್ನ ಹೆಸರೂ ಇದೆ, ನಾನೇ ನೋಡಿದೆ." ಸ್ವಲ್ಪ ಹೊತ್ತು ಅವರು ತಮ್ಮ ಚಹಾವನ್ನು ಚಮಚೆಯಲ್ಲಿ ತಿರುಗಿಸಿದರು. "ಒಂದೇ ಮನೆಯಲ್ಲಿ ಒಬ್ಬರು ಕಂಪನಿ ಮೇಲೆ ದೂರು ಕೊಡೋದು, ಇನ್ನೊಬ್ಬರು ಪರ್ಮನೆಂಟ್ ಆಗೋದು, ನೋಡೋಕೆ ಚೆನ್ನಾಗಿರಲ್ಲ. ಅಷ್ಟೇ ನಾನು ಹೇಳೋದು. ಇನ್ನೊಂದು ಬಿಸ್ಕತ್ ತಗೋ."

ನಾನು ಬಿಸ್ಕತ್ ತೆಗೆದುಕೊಂಡೆ.

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಕೇಳಿದ. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು. ನನ್ನ ಹೆಂಡತಿ ಗಾಜುವಾಕದವಳೇ, ಕನ್ನಡ ತಿಳಿಯದು, ಒಳಗೆ ಮಲಗಿದ್ದಳು.

"ನಾ ಕೆಳಗೆ ಹೋಗಿದ್ದಾಗ ಲಾಯರಮ್ಮ ನಿನ್ನತ್ರ ಏನಾದ್ರೂ ಅಂದ್ರಾ?"

"ಕಷ್ಟ ಅಂದ್ರು ಅಣ್ಣ. ವಾಸ್ನೆ ಪಟ್ಟೀಲಿಲ್ಲ ಅಂದ್ರು. ಎರಡು ವರ್ಸ ಆಗ್ತದೆ ಅಂದ್ರು."

"ಮತ್ತೆ?"

"ರಿಜಿಸ್ಟರಲ್ಲಿ ನಿನ್ನ ಸೈನ್ ಐತೆ, ಅದ್ರ ಮುಂದೆ ಏನೂ ನಡಿಯಲ್ಲ ಅಂದ್ರು."

"ನೋಡ್ದೋರು ಯಾರಾದ್ರೂ ಬಂದು ಹೇಳಿದ್ರೆ?"

ಅಣ್ಣ ನನ್ನನ್ನೇ ನೋಡುತ್ತಿದ್ದ. ಹೊರಗೆ ನಲ್ಲಿಯ ನೀರು ಬೀಳುತ್ತಿದ್ದ ಸದ್ದು ಒಮ್ಮೆಗೇ ನಿಂತಿತು. ಅತ್ತಿಗೆಯೂ ಕೇಳಿಸಿಕೊಳ್ಳುತ್ತಿದ್ದರು.

"ಹೇಳಿದ್ರೂ ಉಪಯೋಗ ಇಲ್ಲ ಅಂದ್ರು" ಎಂದೆ.

ಡ್ರೈಯರಿನ ಮುಚ್ಚಳ ಸರಿಸಿ ಮೂಸಿದ ಮೇಲೆ ಅಣ್ಣ ಒಂದು ಕ್ಷಣ ಉಸಿರು ಹಿಡಿದು ನಿಲ್ಲುತ್ತಿದ್ದ. ಅಂದೂ ಹಾಗೇ ಕೂತಿದ್ದ. ಆಮೇಲೆ, "ಸರಿ ಬಿಡು" ಎಂದ. ನಲ್ಲಿಯ ಸದ್ದು ಮತ್ತೆ ಶುರುವಾಯಿತು.

ರಾಜಿಪತ್ರ ಸಹಿ ಮಾಡುವ ದಿನ ಬೆಳಗ್ಗೆ ಆ ಎಚ್‌ಆರ್ ಕೋಣೆಯಲ್ಲಿ ಅಣ್ಣ ಪತ್ರವನ್ನು ಕೈಗೆ ತೆಗೆದುಕೊಂಡ. ಅವನು ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲವನು, ನನಗೆ ಅದೂ ಬಾರದು. ಆದರೂ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಹಾಲಿನ ಪಾತ್ರೆ ಹಿಡಿದಂತೆಯೇ, ನನ್ನ ಮುಖದ ಹತ್ತಿರ ತಂದ.

"ನೋಡ್ಲಾ, ಸರಿಯಾಗೈತಾ?"

"ಸರಿಯಾಗೈತೆ ಅಣ್ಣ."

ಅವನು ಸಹಿ ಮಾಡಿದ. ಮುಂದಿನ ತಿಂಗಳು ಪಟ್ಟಿ ಬಂತು, ನನ್ನ ಹೆಸರಿತ್ತು. ಅಣ್ಣ ಅಂಗಡಿಗೆ ಹೋಗಿ ಅರ್ಧ ಕೆಜಿ ಜಹಾಂಗೀರು ತಂದು ಇಡೀ ಬೀದಿಗೆ ಹಂಚಿದ.

ಗಾಜುವಾಕದಲ್ಲಿ ಮುಕ್ಕುಗಾರು ಆಗಿ ಬಾಳಿದವನಿಗೆ ಅಲ್ಲಿರುವುದು ಕಷ್ಟವಾಯಿತು. ವಿಜಯವಾಡದ ಒನ್ ಟೌನ್ ಎಂಬ ಹಳೇ ಪೇಟೆಯಲ್ಲಿ ಪೂಜಾಸಾಮಗ್ರಿಯ ಸಗಟು ಅಂಗಡಿಯೊಂದಿತ್ತು. ಅವರಿಗೆ ಊದಿನಕಡ್ಡಿ ಬರುತ್ತಿದ್ದುದು ಕರ್ನಾಟಕದಿಂದ. ಫೋನಿನಲ್ಲಿ ಕನ್ನಡ ಮಾತಾಡಿ ಮಾಲು ತರಿಸುವವನು ಬೇಕಿತ್ತು. ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಅಲ್ಲಿಗೆ ಹೋದ. ಮೂಗಿಲ್ಲದವನು ಊದಿನಕಡ್ಡಿ ಮಾರಲು ಹೋದ ಎಂದು ನಾನು ಮನಸ್ಸಿನಲ್ಲೇ ನೊಂದುಕೊಂಡೆ. ಅವನಿಗೆ ಮಾತ್ರ ಅದು ತಮಾಷೆ. "ಯಜಮಾನ್ರಿಗೆ ಮೊದ್ಲೇ ಹೇಳ್ಬಿಟ್ಟೆ. ಅವ್ರು ನಗಾಡಿ, ಒಳ್ಳೇದಾಯ್ತು, ಇಲ್ಲಿರೋರಿಗೆಲ್ಲಾ ಸಂಜೆ ಹೊತ್ಗೆ ತಲೆ ಸಿಡೀತದೆ, ನಿಂಗೆ ಆ ಕಾಟ ಇಲ್ಲ ಅಂದ್ರು."

ಎರಡು ತಿಂಗಳಿಗೊಮ್ಮೆ ನಾನು ರೈಲಿನಲ್ಲಿ ವಿಜಯವಾಡಕ್ಕೆ ಹೋಗುತ್ತಿದ್ದೆ. ಆ ಇಕ್ಕಟ್ಟು ಬೀದಿಯಲ್ಲಿ ಕೈಗಾಡಿಗಳನ್ನು ತಪ್ಪಿಸಿಕೊಂಡು ಅಂಗಡಿ ಸೇರಿದರೆ, ಅಣ್ಣ ಗಿರಾಕಿಗಳ ನಡುವೆ ಕೂತು ಹಳೆಯ ವಾಸನೆಗಳನ್ನು ನೆನಪಿನಿಂದ ಮಾರುತ್ತಿರುತ್ತಿದ್ದ. ಪೊಟ್ಟಣ ಒಡೆದು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಇದು ಮಳೆ ಬಿದ್ದ ಮಾರನೇ ದಿನದ ಮಲ್ಲಿಗೆ. ಇದು ದೊಡ್ಡೋರ ಮನೆ ಮರದ ಪೆಟ್ಟಿಗೆ ತೆಗ್ದಂಗೆ" ಎಂದು ತೆಲುಗಿನಲ್ಲಿ ವರ್ಣಿಸುತ್ತಿದ್ದ. ಗಿರಾಕಿಗಳು ತಾವು ಮೂಸುವುದನ್ನು ಬಿಟ್ಟು ಅವನ ಮುಖ ನೋಡಿ ಕೊಳ್ಳುತ್ತಿದ್ದರು. ಹೊಸ ಬಗೆಯ ಕಡ್ಡಿ ಬಂದರೆ ನನಗಾಗಿ ಎತ್ತಿಟ್ಟಿರುತ್ತಿದ್ದ.

"ಮೂಸು. ಹೆಂಗೈತೆ ಹೇಳು."

"ಚೆನ್ನಾಗೈತೆ."

"ಚೆನ್ನಾಗೈತೆ ಅನ್ನೋದು ಒಂದು ವಾಸ್ನೆಯೇನ್ಲಾ? ಯಾವುದರಂಗೈತೆ? ಯಾರ ಮನೆ ಮುಂದೆ ಹೋದಂಗೈತೆ?"

ನಾನು ತಡಬಡಾಯಿಸಿ, "ನಮ್ಮ ಕಾಂಪೌಂಡರ ಅಂಗಿ ಥರ" ಎಂದು ಒಮ್ಮೆ ಹೇಳಿದ್ದಕ್ಕೆ ಅಣ್ಣ ಬಿದ್ದು ಬಿದ್ದು ನಕ್ಕ. ಆ ಕಡ್ಡಿಯ ಮಾಲನ್ನು ಮತ್ತೆ ತರಿಸಲೇ ಇಲ್ಲ.

ಮನೆಗೆ ಹೋದರೆ ಮೊದಲು ಹಾಲಿನ ಪಾತ್ರೆ. "ನೋಡ್ಲಾ, ಸರಿಯಾಗೈತಾ?" ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ರೈಲು ಹತ್ತುತ್ತಿದ್ದೆ. ಪ್ರತಿ ಸಲವೂ ಹಾಲಿನ ವಿಷಯ ಮಾತ್ರ ಹೇಳಿ ವಾಪಸು ಬರುತ್ತಿದ್ದೆ.

ಇತ್ತ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಸುರಕ್ಷತಾ ಸಪ್ತಾಹ ಮಾಡುತ್ತಾರೆ. ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡುತ್ತಾರೆ. ಅದರಲ್ಲಿ ಒಂದು ಚಿತ್ರ ಪ್ರತಿ ವರ್ಷವೂ ಬರುತ್ತದೆ: ಮುಖ ಕಾಣದ ಒಬ್ಬ ಕಾರ್ಮಿಕ, ಇಳಿದ ಮಾಸ್ಕ್, ಮೇಲೊಂದು ಕೆಂಪು ಗೀಟು. "ನಮ್ಮಲ್ಲೇ ಹಿಂದೆ ಒಬ್ಬ ಆಪರೇಟರ್ ಯಾರ ಮಾತೂ ಕೇಳದೆ, ತನ್ನ ಮೂಗಿನ ಮೇಲಿನ ಜಂಭದಿಂದ..." ಎಂದು ಶುರುವಾಗುತ್ತದೆ. ಹೊಸಬರು ನಗುತ್ತಾರೆ. ಈಗ ನಾನು ಸೀನಿಯರ್ ಆಪರೇಟರ್, ನನ್ನ ಕುರ್ಚಿ ಮುಂದಿನ ಸಾಲಿನಲ್ಲಿ. ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತೇನೆ.

ಕಳೆದ ಕಾರ್ತಿಕದಲ್ಲಿ ಅಣ್ಣ ಹೋದ. ಹಬ್ಬದ ಗಿರಾಕಿಯ ದಿನ, ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡನಂತೆ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಡಿಯವರು ತಂದು ಹಚ್ಚಿದ್ದ ಕಡ್ಡಿಗಳ ಹೊಗೆ ಮನೆ ತುಂಬಿತ್ತು.

ಹದಿನಾಲ್ಕನೇ ದಿನ ನೆಂಟರೆಲ್ಲ ಹೋದ ಮೇಲೆ ಅತ್ತಿಗೆ ಕಾಫಿಗೆ ಹಾಲು ಕಾಯಿಸಲು ಹೊರಟರು. ನಾನು ಅಭ್ಯಾಸದಿಂದ ಕೈ ಚಾಚಿ, "ಕೊಡಿ, ನೋಡ್ತೀನಿ" ಎಂದೆ. ಅವರು ಪಾತ್ರೆ ಕೆಳಗಿಟ್ಟು ನಿಂತರು.

"ಇಷ್ಟು ವರ್ಸ ಈ ಮನೆ ಹಾಲು ನೋಡಿರೋಳು ನಾನಪ್ಪ. ನಿಮ್ಮಣ್ಣ ನನ್ನ ಒಂದಿನ ಕೇಳಿಲ್ಲ. ನೀನು ಬಂದಾಗ ಮಾತ್ರ ಪಾತ್ರೆ ಎತ್ಕೊಂಡು ಬರೋರು."

"ಯಾಕೆ ಅತ್ತಿಗೆ?"

"ಕೇಳ್ದೆ ಒಂದ್ಸಲ. ಅವನ ಮಾತು ನಾನು ಈಗ್ಲೂ ನಂಬ್ತೀನಿ ಅಂತ ಅವ್ನಿಗೆ ಗೊತ್ತಿರ್ಲಿ ಕಣೆ, ಅಂದ್ರು." ಸೆರಗಿನಿಂದ ಪಾತ್ರೆಯ ಅಂಚು ಒರೆಸಿದರು. "ಆ ಲಾಯರಮ್ಮ, ನೀವು ಹೋಗಿ ಬಂದ ಮಾರನೇ ದಿನವೇ ನಿಮ್ಮಣ್ಣಂಗೆ ಫೋನ್ ಮಾಡಿ ಎಲ್ಲಾ ಹೇಳಿದ್ರು. ನಿನ್ನ ಮಾತಿನ ಮೇಲೆ ಕೇಸು ನಿಂತೈತೆ ಅಂತ. ನಾನು, ತಮ್ಮನ್ನ ಕೇಳ್ರಿ ಅಂದೆ. ಅವ್ನೇ ಬಂದು ಹೇಳ್ಬೇಕು, ನಾ ಬಾಯಿಬಿಟ್ಟು ಕೇಳಲ್ಲ ಅಂದ್ರು. ಆ ಭಾನುವಾರ ಅಷ್ಟು ಕೇಳಿದ್ದೇ ಹೆಚ್ಚು."

ನನಗೆ ಅಳು ಬರಲಿಲ್ಲ. ಬಂದಿದ್ದರೆ ಅತ್ತಿಗೆ ಸಮಾಧಾನ ಮಾಡುತ್ತಿದ್ದರು, ನಾನು ಮತ್ತೆ ತಪ್ಪಿಸಿಕೊಳ್ಳುತ್ತಿದ್ದೆ. "ತಪ್ಪಾಯ್ತು ಅತ್ತಿಗೆ" ಎಂದೆ. "ನನ್ಗೆ ಹೇಳಿ ಏನಾಗ್ಬೇಕಪ್ಪ. ಎಲ್ಲಿ ಹೇಳ್ಬೇಕಿತ್ತೋ ಅಲ್ಲಿ ಹೇಳ್ಲಿಲ್ಲ" ಎಂದು ಅವರು ಒಲೆ ಹಚ್ಚಿದರು.

ಈ ವರ್ಷದ ಸುರಕ್ಷತಾ ಸಪ್ತಾಹದಲ್ಲಿ ಆ ಚಿತ್ರ ಪರದೆಯ ಮೇಲೆ ಬಂದಾಗ ನಾನು ಎದ್ದು ನಿಂತೆ. ಹೇಳಲೆಂದೇ ನಿಂತೆ. ಮಾತಾಡುತ್ತಿದ್ದ ಆಫೀಸರು ನಿಲ್ಲಿಸಿ, "ಏನು ಬೇಕು? ನೀರಾ?" ಎಂದು ವಿನಯದಿಂದ ಕೇಳಿದರು. ಯಾರೋ ಬಾಟಲಿ ಕೊಟ್ಟರು. ನಾನು ನೀರು ಕುಡಿದು ಕೂತೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಷ್ಟು ಉದ್ದ ನಾನು ಹಿಂದೆಂದೂ ಬರೆದವನಲ್ಲ. ನನ್ನ ಮಗಳು ತೆಲುಗು ಓದುತ್ತಾಳೆ, ಕನ್ನಡದ ಅಕ್ಷರ ಬಾರದು, ಅವಳಿಗೆ ನಾನೇ ಕೂತು ಓದಿ ಹೇಳಬೇಕು. ಅದಕ್ಕೂ ಮೊದಲು ಅತ್ತಿಗೆಗೆ ಕಳಿಸುತ್ತೇನೆ. ಸುರಕ್ಷತೆಯ ಆಫೀಸರಿಗೆ ಕೊಡಲು ಕೆಳಗಿನಷ್ಟನ್ನು ತೆಲುಗಿನಲ್ಲೂ ಬರೆಸಿ, ನನ್ನ ಸಹಿ ಹಾಕಿಟ್ಟಿದ್ದೇನೆ. ಕಮಿಷನರ ಮುಂದೆ ನಿಂತು ಅಂದು ಹೇಳಬೇಕಾಗಿದ್ದ ಮಾತು ಇಷ್ಟೇ.

ಆ ದಿನ ಗೇಟಿನಲ್ಲಿ ಲಾರಿ ಬಂದು ನಿಂತಿತ್ತು. ಲ್ಯಾಬಿಗೆ ಕಳಿಸಿದರೆ ತಡವಾಗುತ್ತದೆ, ಮುಕ್ಕುಗಾರನ್ನು ಕರೀರಿ ಎಂದು ಸೂಪರ್‌ವೈಸರ್ ಹೇಳಿದರು. ನಾನು ಕೇಳಿಸಿಕೊಂಡೆ. ನನ್ನ ಅಣ್ಣ ಬಂದು, ಆವಿಯ ಕೊಳವೆಯ ಮೇಲಿನ ಒತ್ತಡ ತೋರಿಸುವ ಮುಳ್ಳು ಸರಿಯಾದ ಜಾಗದಲ್ಲಿಲ್ಲ, ಸ್ವಲ್ಪ ತಡೆಯೋಣ ಎಂದ. ತಡೆಯಲು ಸಮಯವಿಲ್ಲ, ಮೂಸು ಎಂದು ಸೂಪರ್‌ವೈಸರ್ ಹೇಳಿದರು. ಅದನ್ನೂ ನಾನು ಕೇಳಿಸಿಕೊಂಡೆ. ಟಾರ್ಚನ್ನು ನನ್ನ ಕೈಗೆ ಕೊಟ್ಟವರು ಅವರೇ. ನಾನು ಅಣ್ಣನ ಪಕ್ಕಕ್ಕೆ, ಮುಚ್ಚಳದ ಹತ್ತಿರಕ್ಕೆ ಹೋಗಿ ನಿಂತೆ. ಅಣ್ಣ ಮಾಸ್ಕ್ ಇಳಿಸಿದ. ಮುಚ್ಚಳಕ್ಕೆ ಕೈ ಹಾಕುವ ಮೊದಲು ತಿರುಗಿ ನನ್ನನ್ನು ನೋಡಿ, "ನೀನು ಹಿಂದಕ್ಕೆ ಸರ್ಕೊ ಕಣ್ಲಾ" ಎಂದ.

ನಾನು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದೆ.